ಹಾನ್ಸ್ ವಿಲ್ಸ್‌ಡಾರ್ಫ್

ಹಾನ್ಸ್ ವಿಲ್ಸ್‌ಡಾರ್ಫ್ (22 ಮಾರ್ಚ್ 1881 – 6 ಜುಲೈ 1960) ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವ್ಯಾಪಾರ ಆರಂಭಿಸಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ನೆಲೆ ನಿಂತ ಗಡಿಯಾರ ಉದ್ಯಮಿ. ಇವರು ರೋಲೆಕ್ಸ್ ಮತ್ತು ಟ್ಯೂಡರ್ ಕೈಗಡಿಯಾರ ಸಂಸ್ಥೆಗಳ ಸ್ಥಾಪಕರು. ವಿಲ್ಸ್‌ಡಾರ್ಫ್ ಅವರು ಸ್ವತಃ ಗಡಿಯಾರ ಕಟ್ಟುವ ಕುಶಲಕರ್ಮಿಯಾಗಿರಲಿಲ್ಲ. ಜೇಬುಗಡಿಯಾರವೇ ಗಂಡಸಿನ ಗಡಿಯಾರ, ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಕೈಗಡಿಯಾರವನ್ನು ನಂಬಲರ್ಹವಾದ ಸಮಯಮಾಪಕವೆಂದು ಜಗತ್ತು ಒಪ್ಪುವಂತೆ ಮಾಡಿದ್ದು ಅವರ ಮುಖ್ಯ ಸಾಧನೆ. ಮಕ್ಕಳಿಲ್ಲದ ಅವರು ತಮ್ಮ ಸಂಸ್ಥೆಯ ಒಡೆತನವನ್ನು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದರು. ಇಂದಿಗೂ ರೋಲೆಕ್ಸ್ ಸಂಸ್ಥೆಯ ಒಡೆಯನಾಗಿರುವುದು ಹಾನ್ಸ್ ವಿಲ್ಸ್‌ಡಾರ್ಫ್ ಪ್ರತಿಷ್ಠಾನವೇ. ಅವರ ಸಂಸ್ಥೆಯಲ್ಲಿ ತಯಾರಾದ, ತನ್ನ ಬಗೆಯಲ್ಲಿ ಒಂದೇ ಒಂದು ಎಂದು ತಿಳಿದಿರುವ ಬಿಳಿಚಿನ್ನದ ಕೈಗಡಿಯಾರವೊಂದು 2018ರಲ್ಲಿ ಜಿನೀವಾದಲ್ಲಿ ಮಕ್ಕಳ ನೆರವಿಗಾಗಿ ಹರಾಜಾಯಿತು.

ಬಾಲ್ಯ ಮತ್ತು ಶಿಕ್ಷಣ

ವಿಲ್ಸ್‌ಡಾರ್ಫ್ ಅವರು ಜರ್ಮನಿಯ ಬವೇರಿಯಾ ಪ್ರಾಂತ್ಯದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ ಪ್ರಾಟೆಸ್ಟೆಂಟ್ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬಕ್ಕೆ ಕಬ್ಬಿಣದ ಸಾಮಾನುಗಳ ವ್ಯಾಪಾರವಿತ್ತು. ತಾಯಿ ಮೊದಲು ತೀರಿಕೊಂಡರು. ಅನಂತರ ತಂದೆಯೂ ನಿಧನರಾದಾಗ ಹಾನ್ಸ್‌ಗೆ ಇನ್ನೂ 12 ವರ್ಷ. ಮಕ್ಕಳ ಹೊಣೆ ಹೊತ್ತ ಸೋದರಮಾವಂದಿರು ಕುಟುಂಬದ ವ್ಯಾಪಾರವನ್ನು ಮಾರಿ, ಬಂದ ಹಣವನ್ನು ಮಕ್ಕಳ ಹೆಸರಿನಲ್ಲಿಟ್ಟರು. ಹಾನ್ಸ್‌ನನ್ನು ಕೋಬುರ್ಗ್ ನಗರದ ವಸತಿಶಾಲೆಗೆ ಸೇರಿಸಲಾಯಿತು. ಅಲ್ಲಿ ಗಣಿತ ಮತ್ತು ಭಾಷೆಗಳಲ್ಲಿ, ಅದರಲ್ಲೂ ಇಂಗ್ಲಿಷಿನಲ್ಲಿ, ಅವರು ಒಳ್ಳೆಯ ಪರಿಣತಿ ಪಡೆದರು.

ತಂದೆತಾಯಿಯರನ್ನೂ ಮನೆಯ ವ್ಯಾಪಾರವನ್ನೂ ಒಟ್ಟಿಗೆ ಕಳೆದುಕೊಂಡ ಈ ಅನುಭವವನ್ನು ವಿಲ್ಸ್‌ಡಾರ್ಫ್ ಮುಂದೆ ಕಹಿಯಿಂದ ನೆನೆಯಲಿಲ್ಲ. ಬಹಳ ಬೇಗ ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಕಲಿಸಿದ್ದು ಅದೇ ಎಂದು ಅವರು ಭಾವಿಸಿದ್ದರು. ಆದರೂ ಯಾರೂ ಮಾರಿಬಿಡಲಾಗದ ಹಾಗೆ ಸಂಸ್ಥೆಯನ್ನು ಕಟ್ಟಿಹೋಗಬೇಕೆಂದು ಅವರು ಕೊನೆಗಾಲದಲ್ಲಿ ಕೈಗೊಂಡ ಏರ್ಪಾಡನ್ನು ನೋಡುವಾಗ ಕುಲ್ಮ್‌ಬಾಖ್‌ನ ಆ ಅಂಗಡಿ ನೆನಪಿಗೆ ಬಾರದೆ ಇರದು.

ಗಡಿಯಾರ ವ್ಯಾಪಾರಕ್ಕೆ ಪ್ರವೇಶ

ಶಾಲೆ ಮುಗಿಸಿದ ವಿಲ್ಸ್‌ಡಾರ್ಫ್ ಮೊದಲಿಗೆ ಜಿನೀವಾದ ಮುತ್ತಿನ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿತರು. ಲೋಕದ ನಾನಾ ಕಡೆಗಳಿಂದ ಬಂದ ಮುತ್ತುಗಳನ್ನು ಬೇರ್ಪಡಿಸಿ, ಬೆಲೆ ಕಟ್ಟಿ ಮಾರುವ ಉದ್ಯಮವದು. 1900ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದ ಕೇಂದ್ರವಾಗಿದ್ದ ಲಾ ಶೋ-ದ-ಫೋ ಪಟ್ಟಣಕ್ಕೆ ಬಂದು, ಕೂನೋ ಕೋರ್ಟೆನ್ ಎಂಬ ರಫ್ತು ಸಂಸ್ಥೆಯಲ್ಲಿ ಇಂಗ್ಲಿಷ್ ಪತ್ರವ್ಯವಹಾರದ ಗುಮಾಸ್ತರಾಗಿ ಸೇರಿದರು. ಸಂಬಳ ತಿಂಗಳಿಗೆ 80 ಫ್ರಾಂಕ್.

ಪತ್ರ ಬರೆಯುವುದರ ಜೊತೆಗೆ ದಿನವೂ ನೂರಾರು ಜೇಬುಗಡಿಯಾರಗಳಿಗೆ ಕೀಲಿ ಕೊಟ್ಟು, ಅವು ಸರಿಯಾದ ಸಮಯ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದೂ ಅವರ ಪಾಲಿನ ಕೆಲಸವಾಗಿತ್ತು. ಬೇಸರ ತರಿಸುವ ಕೆಲಸವಾದರೂ ಅದರಿಂದ ದೊರೆತ ತಿಳಿವಳಿಕೆ ದೊಡ್ಡದು. ಯಾವ ದೇಶದಲ್ಲಿ ಎಂತಹ ಗಡಿಯಾರ ತಯಾರಾಗುತ್ತದೆ, ಯಾವುದು ಬೇಗ ಕೆಡುತ್ತದೆ, ಕೊಳ್ಳುವವನು ಏನನ್ನು ನೋಡಿ ಕೊಳ್ಳುತ್ತಾನೆ ಎಂಬುದೆಲ್ಲ ಅಲ್ಲಿ ಅವರಿಗೆ ಮನದಟ್ಟಾಯಿತು.

1903ರಲ್ಲಿ ವಿಲ್ಸ್‌ಡಾರ್ಫ್ ಲಂಡನ್ನಿಗೆ ತೆರಳಿದರು. ಆ ಪ್ರಯಾಣದಲ್ಲಿ ಅವರ ಪಿತ್ರಾರ್ಜಿತ ಹಣ ಕಳುವಾಯಿತೆಂದು ಅವರ ಬದುಕನ್ನು ಕುರಿತ ಬರಹಗಳು ಹೇಳುತ್ತವೆ. ಲಂಡನ್ನಿನ ಗಡಿಯಾರ ಸಂಸ್ಥೆಯೊಂದರಲ್ಲಿ ಸ್ವಲ್ಪ ಕಾಲ ದುಡಿದು, 1905ರಲ್ಲಿ ತಮ್ಮ ಭಾವಮೈದುನ ಆಲ್ಫ್ರೆಡ್ ಡೇವಿಸ್ ಜೊತೆಗೂಡಿ ವಿಲ್ಸ್‌ಡಾರ್ಫ್ ಅಂಡ್ ಡೇವಿಸ್ ಎಂಬ ಪಾಲುದಾರಿಕೆ ಸಂಸ್ಥೆಯನ್ನು ಆರಂಭಿಸಿದರು. ಆಭರಣ ವ್ಯಾಪಾರಕ್ಕೆ ಹೆಸರಾದ ಹ್ಯಾಟನ್ ಗಾರ್ಡನ್ ಬೀದಿಯ 83ನೇ ಸಂಖ್ಯೆಯ ಕಟ್ಟಡದಲ್ಲಿ ಅದರ ಕಚೇರಿಯಿತ್ತು. 1911ರಲ್ಲಿ ಅವರು ಫ್ಲಾರೆನ್ಸ್ ಕ್ರಾಟಿ ಅವರನ್ನು ವಿವಾಹವಾದರು.

ಸಂಸ್ಥೆಯ ವ್ಯವಹಾರ ಸರಳವಾಗಿತ್ತು. ಸ್ವಿಟ್ಜರ್ಲೆಂಡಿನಿಂದ ಗಡಿಯಾರದ ಒಳಯಂತ್ರಗಳನ್ನು ತರಿಸಿ, ಒಳ್ಳೆಯ ಕವಚಗಳಲ್ಲಿ ಕೂರಿಸಿ ಆಭರಣದ ಅಂಗಡಿಗಳಿಗೆ ಮಾರುವುದು. ಆ ಕಾಲದ ಪದ್ಧತಿಯಂತೆ ಗಡಿಯಾರದ ಮುಖದ ಮೇಲೆ ಅಂಗಡಿಯವರ ಹೆಸರಿರುತ್ತಿತ್ತು. ವಿಲ್ಸ್‌ಡಾರ್ಫ್ ಅಂಡ್ ಡೇವಿಸ್ ಎಂಬುದರ ಗುರುತು ಕವಚದ ಒಳಬದಿಯಲ್ಲಿ ಅಡಗಿರುತ್ತಿತ್ತು.

ಕೈಗಡಿಯಾರದ ಮೇಲಿನ ನಂಬಿಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಗಡಿಯಾರದ ವಿರುದ್ಧ ಮೂರು ಆಕ್ಷೇಪಗಳಿದ್ದವು. ಕೈಗೆ ಕಟ್ಟುವಷ್ಟು ಚಿಕ್ಕದಾದ ಯಂತ್ರ ನಿಖರವಾಗಿರಲಾರದು. ಕೈಯ ಸತತ ಚಲನೆಯಿಂದ ಅದು ಬೇಗ ಹಾಳಾಗುತ್ತದೆ. ಅಂಗಿಯ ಜೇಬಿನ ರಕ್ಷಣೆಯಿಲ್ಲದ್ದರಿಂದ ಧೂಳು ಮತ್ತು ತೇವ ಒಳಹೊಗುತ್ತವೆ. ಇವುಗಳ ಜೊತೆಗೆ ಅದು ಗಂಡಸರಿಗೆ ತಕ್ಕುದಲ್ಲವೆಂಬ ಸಾಮಾಜಿಕ ಭಾವನೆಯೂ ಸೇರಿಕೊಂಡಿತ್ತು. ಆದರೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899–1902) ಸೈನಿಕರು ತಮ್ಮ ಗಡಿಯಾರಗಳನ್ನು ತೊಗಲಿನ ಪಟ್ಟಿಯಿಂದ ಮಣಿಕಟ್ಟಿಗೆ ಬಿಗಿದುಕೊಂಡಿದ್ದರು. ಎರಡೂ ಕೈಗಳಿಗೆ ಕೆಲಸವಿರುವವನಿಗೆ ಜೇಬಿನಿಂದ ಗಡಿಯಾರ ತೆಗೆದು ನೋಡಲು ಬಿಡುವಿರುವುದಿಲ್ಲ ಎಂಬುದನ್ನು ವಿಲ್ಸ್‌ಡಾರ್ಫ್ ಗಮನಿಸಿದರು.

ಸ್ವಿಟ್ಜರ್ಲೆಂಡಿನ ಬೀಲ್ ನಗರದ ಏಗ್ಲರ್ ಕಾರ್ಖಾನೆ ಚಿಕ್ಕದಾದರೂ ನಿಖರವಾದ ಒಳಯಂತ್ರಗಳನ್ನು ತಯಾರಿಸುತ್ತಿತ್ತು. ವಿಲ್ಸ್‌ಡಾರ್ಫ್ ಅವರು ಕೈಗಡಿಯಾರಗಳಿಗಾಗಿ ಈ ಕಾರ್ಖಾನೆಗೆ ತಮ್ಮ ಬಂಡವಾಳವನ್ನು ಮೀರಿದ ದೊಡ್ಡ ಬೇಡಿಕೆ ಸಲ್ಲಿಸಿದರು. ಅಂದು ಆರಂಭವಾದ ಸಂಬಂಧ ಒಂದು ಶತಮಾನದವರೆಗೆ ಮುಂದುವರಿಯಿತು. ಜಿನೀವಾದ ರೋಲೆಕ್ಸ್ ಮತ್ತು ಯಂತ್ರಗಳನ್ನು ಒದಗಿಸುತ್ತಿದ್ದ ಬೀಲ್‌ನ ಸಂಸ್ಥೆ ಬೇರೆಬೇರೆ ಒಡೆತನದಲ್ಲಿದ್ದೇ ಕೆಲಸ ಮಾಡಿದವು. 2004ರಲ್ಲಷ್ಟೇ ಅವು ಒಂದಾದವು.

ಆಕ್ಷೇಪಗಳಿಗೆ ವಾದದಿಂದ ಉತ್ತರಿಸುವ ಬದಲು ಪ್ರಮಾಣಪತ್ರದಿಂದ ಉತ್ತರಿಸುವುದು ವಿಲ್ಸ್‌ಡಾರ್ಫ್ ಅವರ ರೀತಿ. 1910ರಲ್ಲಿ ರೋಲೆಕ್ಸ್ ಕೈಗಡಿಯಾರವೊಂದು ಬೀಲ್‌ನ ಅಧಿಕೃತ ಪರೀಕ್ಷಾ ಕೇಂದ್ರದಿಂದ ನಿಖರತೆಯ ಪ್ರಮಾಣಪತ್ರ ಪಡೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಕೈಗಡಿಯಾರವೊಂದಕ್ಕೆ ಇಂತಹ ಮನ್ನಣೆ ದೊರೆತದ್ದು ಅದೇ ಮೊದಲು. 15 ಜುಲೈ 1914ರಂದು ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಇನ್ನೊಂದು ಪುಟ್ಟ ಕೈಗಡಿಯಾರಕ್ಕೆ ಎ ದರ್ಜೆಯ ಪ್ರಮಾಣಪತ್ರ ನೀಡಿತು. ಇದಕ್ಕಾಗಿ ಗಡಿಯಾರವನ್ನು 45 ದಿನಗಳ ಕಾಲ ಐದು ಭಂಗಿಗಳಲ್ಲಿ ಮತ್ತು ಮೂರು ಉಷ್ಣತೆಗಳಲ್ಲಿ ಇಟ್ಟು ಪರೀಕ್ಷಿಸಲಾಗಿತ್ತು. ನಡುಗಡಲಿನಲ್ಲಿ ಹಡಗಿನ ಸ್ಥಾನವನ್ನು ಲೆಕ್ಕ ಹಾಕಲು ಬಳಸುವ ಕ್ರೊನೊಮೀಟರುಗಳೇ ಸಾಮಾನ್ಯವಾಗಿ ಆ ದರ್ಜೆಯನ್ನು ಮುಟ್ಟುತ್ತಿದ್ದವು. ಹೀಗಾಗಿ ಕೈಗಡಿಯಾರ ನಿಖರವಾಗಿರಲಾರದೆಂಬ ಮೊದಲ ಆಕ್ಷೇಪಕ್ಕೆ ಅಂದೇ ತೆರೆ ಬಿದ್ದಿತೆನ್ನಬಹುದು. ಅದೇ ತಿಂಗಳ ಕೊನೆಗೆ ಮಹಾಯುದ್ಧ ಆರಂಭವಾಯಿತು. ಕಂದಕಗಳಲ್ಲಿ ಹೋರಾಡಿದ ಸೈನಿಕರು ಮರಳಿ ಬಂದಾಗ ಅವರ ಕೈಯಲ್ಲಿದ್ದ ಗಡಿಯಾರವನ್ನು ಹೆಂಗಸರ ಒಡವೆಯೆಂದು ಹೀಗಳೆಯುವವರು ಉಳಿದಿರಲಿಲ್ಲ.

ರೋಲೆಕ್ಸ್ ಎಂಬ ಹೆಸರು

ರೋಲೆಕ್ಸ್ ಎಂಬ ಹೆಸರು 1908ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾಯಿತು. ಚಿಕ್ಕದಾಗಿರಬೇಕು, ಯುರೋಪಿನ ಯಾವ ಭಾಷೆಯವನಿಗೂ ಉಚ್ಚರಿಸಲು ಬರಬೇಕು, ಗಡಿಯಾರದ ಮುಖದ ಮೇಲೆ ಅಂದವಾಗಿ ಕೂರಬೇಕು ಎಂಬುದು ವಿಲ್ಸ್‌ಡಾರ್ಫ್ ಅವರ ಅಪೇಕ್ಷೆಯಾಗಿತ್ತು. ಅಕ್ಷರಗಳನ್ನು ಬಗೆಬಗೆಯಾಗಿ ಜೋಡಿಸಿ ನೋಡಿದರೂ ತೃಪ್ತಿಯಾಗದೆ, ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಕುದುರೆ ಎಳೆಯುವ ಬಸ್ಸಿನ ಮೇಲಂತಸ್ತಿನಲ್ಲಿ ಹೋಗುತ್ತಿದ್ದಾಗ ಯಾವುದೋ ಯಕ್ಷಿಣಿ ಕಿವಿಯಲ್ಲಿ ಉಸುರಿದಂತೆ ಈ ಹೆಸರು ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಇದು ಫ್ರೆಂಚ್ ಪದಗಳ ಸಂಕ್ಷೇಪವೆಂಬ ಮಾತೂ ಪ್ರಚಾರದಲ್ಲಿದೆಯಾದರೂ ಅದಕ್ಕೆ ಆಧಾರವಿಲ್ಲ.

ಹೆಸರನ್ನು ಹುಡುಕುವುದಕ್ಕಿಂತ ಅದನ್ನು ಗಡಿಯಾರದ ಮುಖದ ಮೇಲೆ ತರುವುದೇ ಕಷ್ಟವಾಯಿತು. ತಮ್ಮ ಅಂಗಡಿಯ ಹೆಸರಿರಬೇಕಾದ ಜಾಗದಲ್ಲಿ ತಯಾರಕನ ಹೆಸರು ಬರುವುದನ್ನು ಇಂಗ್ಲೆಂಡಿನ ಆಭರಣ ವ್ಯಾಪಾರಿಗಳು ಒಪ್ಪಲಿಲ್ಲ. ಆಗ ವಿಲ್ಸ್‌ಡಾರ್ಫ್ ಆರು ಗಡಿಯಾರಗಳ ಪ್ರತಿ ಪೆಟ್ಟಿಗೆಯಲ್ಲಿ ಒಂದರ ಮೇಲೆ ಮಾತ್ರ ರೋಲೆಕ್ಸ್ ಎಂದು ಬರೆಯಿಸಿ ಕಳುಹಿಸಿದರು. ಯಾರೂ ತಕರಾರು ಮಾಡಲಿಲ್ಲ. ಸ್ವಲ್ಪ ಕಾಲದ ನಂತರ ಎರಡಕ್ಕೆ, ಆಮೇಲೆ ಮೂರಕ್ಕೆ ಏರಿಸಿದರು. ಜೊತೆಗೆ ಪತ್ರಿಕೆಗಳಲ್ಲಿ ದೊಡ್ಡ ಮೊತ್ತ ಚೆಲ್ಲಿ ಜಾಹೀರಾತು ನೀಡಿದರು. ಗಿರಾಕಿಗಳೇ ಹೆಸರು ಹೇಳಿ ಕೇಳತೊಡಗಿದಾಗ ಉಳಿದವುಗಳ ಮೇಲೂ ಅದೇ ಹೆಸರು ಬಂದಿತು.

ಲಂಡನ್ನಿನಿಂದ ಜಿನೀವಾಕ್ಕೆ

ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜರ್ಮನ್ ಹೆಸರುಗಳ ವಿರುದ್ಧ ತೀವ್ರ ದ್ವೇಷವಿತ್ತು. 1915ರಲ್ಲಿ ಸಂಸ್ಥೆಯ ಹೆಸರಿನಿಂದ ವಿಲ್ಸ್‌ಡಾರ್ಫ್ ಎಂಬುದು ಮರೆಯಾಗಿ, ಅದು ರೋಲೆಕ್ಸ್ ವಾಚ್ ಕಂಪನಿಯಾಯಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಆಮದಾಗುವ ಗಡಿಯಾರಗಳ ಮೇಲೆ ಬೆಲೆಯ ಮೂರನೆಯ ಒಂದು ಭಾಗದಷ್ಟು ಸುಂಕ ವಿಧಿಸಿತು. ಯಂತ್ರಗಳನ್ನು ಲಂಡನ್ನಿಗೆ ತಂದು, ಸುಂಕ ತೆತ್ತು, ಮತ್ತೆ ಬೇರೆ ದೇಶಗಳಿಗೆ ಕಳುಹಿಸುವುದರಲ್ಲಿ ಲಾಭವಿರಲಿಲ್ಲ. ವಿಲ್ಸ್‌ಡಾರ್ಫ್ ಮೊದಲು ರಫ್ತಿನ ಕಾರ್ಯವನ್ನು ಬೀಲ್‌ಗೆ ವರ್ಗಾಯಿಸಿದರು. 1920ರಲ್ಲಿ ಜಿನೀವಾದಲ್ಲಿ ಮೋಂತ್ರ್ ರೋಲೆಕ್ಸ್ ಸಂಸ್ಥೆಯನ್ನು ನೋಂದಾಯಿಸಿದರು. ಅಲ್ಲಿಂದ ಮುಂದೆ ಜಿನೀವಾವೇ ಅವರ ಊರು.

ಆಯ್‌ಸ್ಟರ್ ಮತ್ತು ಪರ್ಪೆಚ್ಯುಯಲ್

ಧೂಳು ಮತ್ತು ನೀರಿನ ಸಮಸ್ಯೆ ಇನ್ನೂ ಉಳಿದಿತ್ತು. ಗಡಿಯಾರದ ಕವಚವನ್ನು ಎಷ್ಟೇ ಬಿಗಿಯಾಗಿ ಮಾಡಿದರೂ ಕೀಲಿ ಕೊಡುವ ತಿರುಪಿನ ದಂಡ ಒಳಹೋಗುವ ರಂಧ್ರ ಇದ್ದೇ ಇರುತ್ತದೆ. ಗಡಿಯಾರದೊಳಕ್ಕೆ ನೀರು ಸೇರುತ್ತಿದ್ದುದು ಮುಖ್ಯವಾಗಿ ಅಲ್ಲಿಂದಲೇ. ಪೆರ್ರೆಗೋ ಮತ್ತು ಪೆರ್ರೆ ಎಂಬ ಇಬ್ಬರು ಸ್ವಿಸ್ ಕುಶಲಕರ್ಮಿಗಳು ಈ ತಿರುಪನ್ನೇ ಮರೆಯಂತೆ ಸುತ್ತಿ ಕವಚಕ್ಕೆ ಬಿಗಿಯುವ ಉಪಾಯ ಕಂಡುಹಿಡಿದು 1925ರಲ್ಲಿ ಹಕ್ಕುಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದ್ದರು. ವಿಲ್ಸ್‌ಡಾರ್ಫ್ ಆ ಹಕ್ಕನ್ನು ಕೊಂಡು, ಉಪಾಯವನ್ನು ಸುಧಾರಿಸಿ, ಹಿಂಬದಿಯ ಮುಚ್ಚಳ ಮತ್ತು ಮುಂಬದಿಯ ಉಂಗುರವನ್ನೂ ಮರೆಯಿಂದ ಬಿಗಿಯುವ ಕವಚದೊಡನೆ ಸೇರಿಸಿ 1926ರಲ್ಲಿ ಹೊರತಂದರು. ಅದಕ್ಕೆ ಆಯ್‌ಸ್ಟರ್, ಅಂದರೆ ಸಿಂಪಿ, ಎಂದು ಹೆಸರಿಟ್ಟರು. ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ ಮೀನಿನ ತೊಟ್ಟಿಯಿಟ್ಟು, ಅದರೊಳಗೆ ಓಡುತ್ತಿರುವ ಗಡಿಯಾರವನ್ನು ಇಳಿಬಿಟ್ಟು ತೋರಿಸುವ ಏರ್ಪಾಡೂ ನಡೆಯಿತು.

ಈ ಗಡಿಯಾರದ ಖ್ಯಾತಿ ಈಜುಗಾತಿ ಮರ್ಸಿಡಿಸ್ ಗ್ಲೈಟ್ಸ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಲಂಡನ್ನಿನಲ್ಲಿ ಬೆರಳಚ್ಚುಗಾತಿಯಾಗಿದ್ದ ಗ್ಲೈಟ್ಸ್ 7 ಅಕ್ಟೋಬರ್ 1927ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಬ್ರಿಟಿಷ್ ಮಹಿಳೆಯಾದರು. ಕೆಲವೇ ದಿನಗಳಲ್ಲಿ ಇನ್ನೊಬ್ಬ ಮಹಿಳೆ ತಾನೂ ದಾಟಿದೆನೆಂದು ಸುಳ್ಳು ಹೇಳಿ, ಬಳಿಕ ಅದನ್ನು ಒಪ್ಪಿಕೊಂಡಾಗ ಗ್ಲೈಟ್ಸ್ ಅವರ ಸಾಧನೆಯ ಮೇಲೂ ಸಂಶಯದ ನೆರಳು ಬಿದ್ದಿತು. ತಮ್ಮ ಮಾತನ್ನು ಸಾಬೀತುಪಡಿಸಲು ಅವರು 21 ಅಕ್ಟೋಬರ್‌ನಂದು ಮತ್ತೆ ನೀರಿಗಿಳಿದರು. ವಿಲ್ಸ್‌ಡಾರ್ಫ್ ಕಳುಹಿಸಿದ್ದ ಆಯ್‌ಸ್ಟರ್ ಗಡಿಯಾರವನ್ನು ಈ ಎರಡನೆಯ ಯತ್ನದಲ್ಲಿ ಅವರು ಕೊರಳಿಗೆ ಕಟ್ಟಿಕೊಂಡಿದ್ದರು. ಕೊರೆಯುವ ಚಳಿನೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಈಜಿದ ಮೇಲೆ ಅವರನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಈಜು ಪೂರ್ಣಗೊಳ್ಳಲಿಲ್ಲವಾದರೂ ಅವರ ಸಹನಶಕ್ತಿಯನ್ನು ಕಂಡ ಮೇಲೆ ಮೊದಲ ಸಾಧನೆಯನ್ನು ಯಾರೂ ಶಂಕಿಸಲಿಲ್ಲ. ಗಡಿಯಾರವಂತೂ ಸರಿಯಾಗಿ ಓಡುತ್ತಿತ್ತು.

24 ನವೆಂಬರ್ 1927ರಂದು ಡೈಲಿ ಮೇಲ್ ಪತ್ರಿಕೆಯ ಇಡೀ ಮುಖಪುಟದಲ್ಲಿ ಆಯ್‌ಸ್ಟರ್‌ನ ಜಾಹೀರಾತು ಪ್ರಕಟವಾಯಿತು. ಗಡಿಯಾರ ಧರಿಸಿಯೇ ಕಾಲುವೆ ದಾಟಿದರೆಂಬ ತಪ್ಪು ಕಲ್ಪನೆ ಇಂದಿಗೂ ಹಲವೆಡೆ ಕಾಣಸಿಗುತ್ತದೆ. ದಾಟಿದ ಈಜಿನಲ್ಲಿ ಗಡಿಯಾರವಿರಲಿಲ್ಲ, ಗಡಿಯಾರವಿದ್ದ ಈಜಿನಲ್ಲಿ ದಾಟಲಾಗಲಿಲ್ಲ. ಗ್ಲೈಟ್ಸ್ ಈಜಿನಿಂದ ಬಂದ ಗಳಿಕೆಯನ್ನು ನಿರ್ಗತಿಕರಿಗಾಗಿ ಬಳಸಬೇಕೆಂದು ಬಯಸಿದ್ದರು. 1933ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಅವರ ಹೆಸರಿನ ಆಶ್ರಯಮನೆ ತೆರೆಯಿತು. ಅವರು ಧರಿಸಿದ್ದ ಗಡಿಯಾರ ಅವರ ಕಾಲಾನಂತರ ಹರಾಜಿನ ಮೂಲಕ ಸಂಗ್ರಾಹಕರ ಕೈಸೇರಿತು.

ಆಯ್‌ಸ್ಟರ್‌ನಲ್ಲಿ ಒಂದು ಕೊರತೆಯಿತ್ತು. ದಿನಕ್ಕೊಮ್ಮೆ ಕೀಲಿ ಕೊಡಲು ತಿರುಪನ್ನು ಬಿಚ್ಚಲೇಬೇಕು. ಮತ್ತೆ ಬಿಗಿಯಲು ಮರೆತರೆ ನೀರಿಗೆ ದಾರಿ ತೆರೆದಂತೆಯೇ. ಕೀಲಿ ಕೊಡುವ ಅಗತ್ಯವೇ ಇಲ್ಲದಿದ್ದರೆ ತಿರುಪನ್ನು ಮುಟ್ಟುವ ಕೆಲಸವೂ ಇರುವುದಿಲ್ಲ. ಏಗ್ಲರ್ ಕಾರ್ಖಾನೆಯ ತಾಂತ್ರಿಕ ಮುಖ್ಯಸ್ಥ ಎಮಿಲ್ ಬೋರರ್ ಅವರ ನೇತೃತ್ವದಲ್ಲಿ ರೂಪುಗೊಂಡ, 1931ರಲ್ಲಿ ಪರಿಚಯಿಸಲಾದ ಪರ್ಪೆಚ್ಯುಯಲ್ ಯಂತ್ರದಲ್ಲಿ ಅರ್ಧಚಂದ್ರಾಕಾರದ ಲೋಹದ ತುಂಡೊಂದು ಕೈಯ ಚಲನೆಗೆ ತಕ್ಕಂತೆ ಸುತ್ತಲೂ ತಿರುಗಿ ಸುರುಳಿಗೆ ತಾನೇ ಬಿಗಿತ ಕೊಡುತ್ತದೆ. ಕೈಯ ಚಲನೆಯಿಂದ ಗಡಿಯಾರ ಕೆಡುತ್ತದೆಂಬ ಹಳೆಯ ಆಕ್ಷೇಪವನ್ನೇ ಇದು ತಲೆಕೆಳಗು ಮಾಡಿತು. ತಾನಾಗಿ ಕೀಲಿಯಾಗುವ ಕೈಗಡಿಯಾರವನ್ನು ಮೊದಲು ರೂಪಿಸಿದವರು ರೋಲೆಕ್ಸ್‌ನವರಲ್ಲ. ಇಂಗ್ಲೆಂಡಿನ ಜಾನ್ ಹಾರ್ವುಡ್ 1920ರ ದಶಕದಲ್ಲೇ ಅದನ್ನು ಸಾಧಿಸಿದ್ದರು. ಆದರೆ ಅವರ ಯಂತ್ರದಲ್ಲಿ ತುಂಡು ಪೂರ್ತಿ ಸುತ್ತದೆ ಎರಡು ಬದಿಗೆ ಬಡಿದು ಹಿಂದಿರುಗುತ್ತಿತ್ತು. 1950ರ ದಶಕದಲ್ಲಿ ರೋಲೆಕ್ಸ್ ತನ್ನ ಜಾಹೀರಾತೊಂದರಲ್ಲಿ ಈ ಹಿರಿಮೆಯನ್ನು ತನ್ನದೆಂದು ಹೇಳಿಕೊಂಡು, ಆಕ್ಷೇಪ ಬಂದ ಬಳಿಕ ಹಾರ್ವುಡ್ ಅವರ ಕೊಡುಗೆಯನ್ನು ಜಾಹೀರಾತಿನ ಮೂಲಕವೇ ಒಪ್ಪಿಕೊಂಡಿತು.

1926ರಲ್ಲೇ ವಿಲ್ಸ್‌ಡಾರ್ಫ್ ಅವರಿಗಾಗಿ ಟ್ಯೂಡರ್ ಎಂಬ ಇನ್ನೊಂದು ಹೆಸರು ನೋಂದಣಿಯಾಗಿತ್ತು. ರೋಲೆಕ್ಸ್‌ನಷ್ಟೇ ಭರವಸೆಯ, ಆದರೆ ಕಡಿಮೆ ಬೆಲೆಯ ಗಡಿಯಾರಗಳನ್ನು ಮಾರುವುದು ಅದರ ಉದ್ದೇಶ. 1946ರಲ್ಲಿ ಟ್ಯೂಡರ್ ಪ್ರತ್ಯೇಕ ಸಂಸ್ಥೆಯಾಯಿತು.

ಎರಡನೆಯ ಮಹಾಯುದ್ಧದ ಕಾಲ

ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಸೈನಿಕರ ಗಡಿಯಾರಗಳನ್ನು ಜರ್ಮನರು ಕಿತ್ತುಕೊಳ್ಳುತ್ತಿದ್ದರು. ಸೆರೆಶಿಬಿರಗಳಲ್ಲಿದ್ದವರು ಪತ್ರ ಬರೆದು ಬೇಡಿಕೆ ಸಲ್ಲಿಸಿದರೆ ವಿಲ್ಸ್‌ಡಾರ್ಫ್ ಅವರ ಸಂಸ್ಥೆ ಜಿನೀವಾದಿಂದ ಗಡಿಯಾರ ಕಳುಹಿಸುತ್ತಿತ್ತು. ಹಣವನ್ನು ಯುದ್ಧ ಮುಗಿದ ಮೇಲೆ ಕೊಟ್ಟರಾಯಿತು ಎಂಬುದು ಷರತ್ತು. ಯುದ್ಧವನ್ನು ಯಾರು ಗೆಲ್ಲುವರೆಂಬುದೇ ತಿಳಿಯದಿದ್ದ ಕಾಲದಲ್ಲಿ, ಬದುಕುಳಿಯುವ ಭರವಸೆಯಿಲ್ಲದವರಿಗೆ ಕೊಟ್ಟ ಈ ಸಾಲವು ಸೆರೆಯಾಳುಗಳ ಧೈರ್ಯವನ್ನು ಹೆಚ್ಚಿಸಿತೆಂದು ಹೇಳಲಾಗುತ್ತದೆ. ಸಾಹಸದ ಪಲಾಯನಕ್ಕೆ ಹೆಸರಾದ ಸ್ಟಲಾಗ್ ಲುಫ್ಟ್ 3 ಶಿಬಿರಕ್ಕೂ ಇಂತಹ ಗಡಿಯಾರಗಳು ತಲುಪಿದ್ದವು.

ಇದೇ ಕಾಲದ ಬ್ರಿಟಿಷ್ ಗುಪ್ತಚರ ಕಡತಗಳಲ್ಲಿ ವಿಲ್ಸ್‌ಡಾರ್ಫ್ ಅವರಿಗೆ ನಾಜಿ ಆಡಳಿತದ ಬಗ್ಗೆ ಒಲವಿದೆಯೆಂಬ ಸಂಶಯ ದಾಖಲಾಗಿರುವುದು ಇತ್ತೀಚೆಗೆ ಬೆಳಕಿಗೆ ಬಂದಿದೆ. ಆದರೆ ಅವರ ಸಂಸ್ಥೆಯನ್ನು ಆಗ ಕಪ್ಪುಪಟ್ಟಿಗೆ ಸೇರಿಸಲಿಲ್ಲ. ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದಿಕೆಯಾಗುವುದಿಲ್ಲವಾದರೂ ಅವರ ಜೀವನವನ್ನು ಅರಿಯಲು ಬಯಸುವವರು ಎರಡನ್ನೂ ಗಮನದಲ್ಲಿಡುವುದು ಅಗತ್ಯ.

ಪ್ರತಿಷ್ಠಾನ

1944ರಲ್ಲಿ ಪತ್ನಿ ಫ್ಲಾರೆನ್ಸ್ ನಿಧನರಾದರು. ಮಕ್ಕಳಿರಲಿಲ್ಲ. ಮರುವರ್ಷ ವಿಲ್ಸ್‌ಡಾರ್ಫ್ ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, ತಮ್ಮ ಪಾಲಿನ ಷೇರುಗಳೆಲ್ಲವೂ ಅದಕ್ಕೆ ಸೇರುವಂತೆ ವ್ಯವಸ್ಥೆ ಮಾಡಿದರು. ಷೇರುಗಳು ಪ್ರತಿಷ್ಠಾನದ ಕೈಯಲ್ಲಿರುವುದರಿಂದ ವಾರಸುದಾರರ ಜಗಳದಿಂದ ಸಂಸ್ಥೆ ಒಡೆಯುವ ಅಥವಾ ಷೇರುಪೇಟೆಯಲ್ಲಿ ಅನ್ಯರ ವಶವಾಗುವ ಸಂಭವವಿಲ್ಲ. ಸಂಸ್ಥೆಯ ಲಾಭದಲ್ಲಿ ಒಂದು ಪಾಲು ದತ್ತಿ ಕಾರ್ಯಗಳಿಗೆ ಸಲ್ಲುತ್ತದೆ. ಜಿನೀವಾದ ಬಡವರ ನೆರವು, ಶಿಕ್ಷಣ, ಕಲೆ ಮತ್ತು ಗಡಿಯಾರ ತಯಾರಿಕೆಯ ತರಬೇತಿ ಇವು ಅದರ ಮುಖ್ಯ ಕ್ಷೇತ್ರಗಳು. ನಗರದ ಆರ್ವ್ ನದಿಗೆ ಅಡ್ಡಲಾಗಿ ಪ್ರತಿಷ್ಠಾನದ ಹಣದಿಂದ ನಿರ್ಮಿಸಿ 2012ರಲ್ಲಿ ತೆರೆದ ಸೇತುವೆಗೆ ಹಾನ್ಸ್ ವಿಲ್ಸ್‌ಡಾರ್ಫ್ ಸೇತುವೆ ಎಂದೇ ಹೆಸರು.

ಈ ವ್ಯವಸ್ಥೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಕಾಣುವುದಿಲ್ಲ. ಪ್ರತಿಷ್ಠಾನವು ತನ್ನ ಲೆಕ್ಕಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದಿಲ್ಲ. ಹೀಗಾಗಿ ಎಷ್ಟು ಗಳಿಕೆಯಾಯಿತು, ಎಷ್ಟು ದಾನವಾಯಿತು ಎಂಬುದು ಹೊರಗಿನವರಿಗೆ ಅಂದಾಜಿನ ವಿಷಯವಾಗಿಯೇ ಉಳಿದಿದೆ.

ಕೊನೆಯ ವರ್ಷಗಳು

ಸಂಸ್ಥೆಯ 40ನೇ ವರ್ಷವಾದ 1945ರಲ್ಲಿ ಮುಖದ ಮೇಲಿನ ಕಿಂಡಿಯಲ್ಲಿ ತಾರೀಖು ತಾನಾಗಿ ಬದಲಾಗುವ ಡೇಟ್‌ಜಸ್ಟ್ ಹೊರಬಂದಿತು. ಇದೇ ಸಂದರ್ಭಕ್ಕಾಗಿ ಸಿದ್ಧಪಡಿಸಿದ ಕಿರುಪುಸ್ತಕಗಳಲ್ಲಿ ವಿಲ್ಸ್‌ಡಾರ್ಫ್ ತಮ್ಮ ಜೀವನದ ಘಟನೆಗಳನ್ನು ಬರೆದಿಟ್ಟರು. ಅವರ ಬಾಲ್ಯ ಮತ್ತು ಆರಂಭದ ದಿನಗಳ ಬಗ್ಗೆ ತಿಳಿದಿರುವ ಹೆಚ್ಚಿನ ಸಂಗತಿಗಳಿಗೆ ಈ ಬರಹಗಳೇ ಆಧಾರವಾದ್ದರಿಂದ, ಅವು ಒಬ್ಬ ನುರಿತ ವ್ಯಾಪಾರಿ ತನ್ನ ಬಗ್ಗೆ ತಾನೇ ಹೇಳಿದ ಕಥೆಯೆಂಬುದನ್ನು ಓದುಗರು ಮರೆಯಬಾರದು.

1950ರ ದಶಕದಲ್ಲಿ ನಿರ್ದಿಷ್ಟ ವೃತ್ತಿಗಳಿಗೆಂದೇ ರೂಪಿಸಿದ ಗಡಿಯಾರಗಳು ಬಂದವು: ಮುಳುಗುಗಾರರಿಗೆ ಸಬ್‌ಮರೀನರ್, ಏಕಕಾಲದಲ್ಲಿ ಎರಡು ದೇಶಗಳ ಸಮಯ ಬೇಕಾಗುವ ವಿಮಾನ ಚಾಲಕರಿಗೆ ಜಿಎಂಟಿ-ಮಾಸ್ಟರ್. 1956ರ ಡೇ-ಡೇಟ್ ವಾರದ ಹೆಸರನ್ನು ಪೂರ್ಣವಾಗಿ ತೋರಿಸಿತು. ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಏರಿದ 1953ರ ಬ್ರಿಟಿಷ್ ಯಾತ್ರೆಗೆ ರೋಲೆಕ್ಸ್ ಗಡಿಯಾರಗಳನ್ನು ಒದಗಿಸಲಾಗಿತ್ತು. ಇಂಗ್ಲೆಂಡಿನ ಸ್ಮಿತ್ಸ್ ಸಂಸ್ಥೆಯ ಗಡಿಯಾರಗಳೂ ಆ ಯಾತ್ರೆಯಲ್ಲಿದ್ದವು. ಶಿಖರದ ತುದಿ ಮುಟ್ಟಿದ್ದು ಯಾವುದು ಎಂಬುದು ಗಡಿಯಾರಪ್ರಿಯರ ನಡುವೆ ಇನ್ನೂ ಮುಗಿಯದ ಚರ್ಚೆ.

ವಿಲ್ಸ್‌ಡಾರ್ಫ್ ಅವರು 6 ಜುಲೈ 1960ರಂದು ಜಿನೀವಾದಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ ನಿಧನರಾದರು. ಅವರ ನಂತರ ಆಂದ್ರೆ ಹೈನಿಗರ್ ಸಂಸ್ಥೆಯನ್ನು ಮುನ್ನಡೆಸಿದರು. ಆಯ್‌ಸ್ಟರ್‌ನ 50ನೇ ವರ್ಷದ ನೆನಪಿಗೆ 1976ರಲ್ಲಿ ಹೈನಿಗರ್ ಕಾಲದಲ್ಲಿ ಆರಂಭವಾದ ರೋಲೆಕ್ಸ್ ಉದ್ಯಮಶೀಲತಾ ಪ್ರಶಸ್ತಿ ಕರ್ನಾಟಕಕ್ಕೂ ಸಂದಿದೆ. ಬಂಡೀಪುರ ಮತ್ತು ನಾಗರಹೊಳೆ ಅಭಯಾರಣ್ಯಗಳ ಅಂಚಿನಲ್ಲಿ ವನ್ಯಪ್ರಾಣಿಗಳಿಂದ ಬೆಳೆ ಅಥವಾ ಜಾನುವಾರು ಕಳೆದುಕೊಂಡವರಿಗೆ ಸರ್ಕಾರದ ಪರಿಹಾರ ದೊರಕಿಸಲು ನೆರವಾಗುವ ಕಾರ್ಯಕ್ಕಾಗಿ ಬೆಂಗಳೂರಿನ ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ ಅವರು 2019ರಲ್ಲಿ ಇದಕ್ಕೆ ಪಾತ್ರರಾದರು.

ಯೂನಿಕಾರ್ನ್ ಗಡಿಯಾರ ಮತ್ತು ದತ್ತಿ ಹರಾಜು

ವಿಲ್ಸ್‌ಡಾರ್ಫ್ ನಿಧನರಾದ ಮೂರು ವರ್ಷಗಳ ನಂತರ, 1963ರಲ್ಲಿ, ಮೋಟಾರು ಪಂದ್ಯಗಳಲ್ಲಿ ಕಾಲ ಅಳೆಯುವವರಿಗಾಗಿ ಕಾಸ್ಮೊಗ್ರಾಫ್ ಡೇಟೋನಾ ಗಡಿಯಾರ ಬಂದಿತು. ಅಮೆರಿಕದ ಫ್ಲಾರಿಡಾದ ಪಂದ್ಯದ ಹಾದಿಯ ಹೆಸರೇ ಅದರದ್ದು. 1980ರ ದಶಕದ ಕೊನೆಯವರೆಗೂ ಈ ಸರಣಿಯ ಗಡಿಯಾರಗಳಿಗೆ ಕೈಯಿಂದಲೇ ಕೀಲಿ ಕೊಡಬೇಕಿತ್ತು. ಆ ಅವಧಿಯಲ್ಲಿ ಅವು ಉಕ್ಕಿನಲ್ಲಿ ಇಲ್ಲವೇ ಹಳದಿ ಚಿನ್ನದಲ್ಲಿ ಮಾತ್ರ ತಯಾರಾದವೆಂದು ಸಂಗ್ರಾಹಕರು ಬಹುಕಾಲ ನಂಬಿದ್ದರು.

ಈ ನಂಬಿಕೆಗೆ ಅಪವಾದವಾಗಿ 1970ರಲ್ಲಿ ತಯಾರಾದ, 6265 ಎಂಬ ಮಾದರಿ ಸಂಖ್ಯೆಯ ಬಿಳಿಚಿನ್ನದ ಡೇಟೋನಾ ಒಂದು ಪತ್ತೆಯಾಯಿತು. ಅದು 1971ರಲ್ಲಿ ಜರ್ಮನಿಯ ವ್ಯಾಪಾರಿಯೊಬ್ಬರಿಗೆ ರವಾನೆಯಾಗಿತ್ತು. ಅಂತಹುದೇ ಇನ್ನೊಂದು ಇದುವರೆಗೆ ಕಂಡುಬಂದಿಲ್ಲ. ಕಥೆಗಳಲ್ಲಷ್ಟೇ ಇರುವ ಒಂಟಿಕೊಂಬಿನ ಕುದುರೆಯ ಹೆಸರನ್ನೇ ಸಂಗ್ರಾಹಕರು ಅದಕ್ಕಿಟ್ಟು ಯೂನಿಕಾರ್ನ್ ಎಂದು ಕರೆದರು. 6265 ಮಾದರಿಯಲ್ಲಿ ಕಾಲ ಅಳೆಯಲು ಒತ್ತುವ ಬದಿಯ ಗುಂಡಿಗಳನ್ನೂ ಮರೆಯಿಂದ ಬಿಗಿಯಬಹುದು. 1926ರಲ್ಲಿ ವಿಲ್ಸ್‌ಡಾರ್ಫ್ ಹೊರತಂದ ತಿರುಪಿನ ಉಪಾಯವೇ ಅಲ್ಲಿ ಗುಂಡಿಗಳಿಗೂ ವಿಸ್ತರಿಸಿತ್ತು.

ಗಡಿಯಾರದ ಒಡೆಯರಾಗಿದ್ದ ಇಟಲಿಯ ಸಂಗ್ರಾಹಕ ಜಾನ್ ಗೋಲ್ಡ್‌ಬರ್ಗರ್ ಅದನ್ನು ಮಕ್ಕಳಿಗಾಗಿ ದುಡಿಯುವ ಚಿಲ್ಡ್ರನ್ ಆ್ಯಕ್ಷನ್ ಎಂಬ ಜಿನೀವಾದ ದತ್ತಿಸಂಸ್ಥೆಯ ನೆರವಿಗೆ ಹರಾಜಿಗಿಟ್ಟರು. 12 ಮೇ 2018ರಂದು ಫಿಲಿಪ್ಸ್ ಹರಾಜು ಸಂಸ್ಥೆ ಡೇಟೋನಾ ಗಡಿಯಾರಗಳಿಗೆಂದೇ ಜಿನೀವಾದಲ್ಲಿ ನಡೆಸಿದ ಹರಾಜಿನಲ್ಲಿ ಅದು ಹರಾಜು ಶುಲ್ಕವೂ ಸೇರಿ 59,37,500 ಸ್ವಿಸ್ ಫ್ರಾಂಕ್‌ಗಳಿಗೆ ಮಾರಾಟವಾಯಿತು. ಅದಕ್ಕೂ ಕೆಲವು ತಿಂಗಳ ಹಿಂದೆ, 26 ಅಕ್ಟೋಬರ್ 2017ರಂದು, ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ಉಕ್ಕಿನ ಡೇಟೋನಾ ನ್ಯೂಯಾರ್ಕ್‌ನಲ್ಲಿ 1,77,52,500 ಡಾಲರ್‌ಗೆ ಹರಾಜಾಗಿತ್ತು. ಆ ಹಣದ ಒಂದು ಭಾಗವೂ ದತ್ತಿ ಕಾರ್ಯಕ್ಕೆ ಸಂದಿತ್ತು.

ದತ್ತಿ ಹರಾಜಿಗೆಂದೇ ತಯಾರಕರು ಒಂದೊಂದು ವಿಶಿಷ್ಟ ಗಡಿಯಾರವನ್ನು ಮಾಡಿಕೊಡುವ ರೂಢಿ ಸ್ವಿಟ್ಜರ್ಲೆಂಡಿನಲ್ಲಿದೆ. ಸ್ನಾಯುಕ್ಷಯ ರೋಗದ ಸಂಶೋಧನೆಗೆ ಹಣ ಸಂಗ್ರಹಿಸುವ ಓನ್ಲಿ ವಾಚ್ ಹರಾಜು ಅವುಗಳಲ್ಲಿ ಪ್ರಸಿದ್ಧ. 2019ರಲ್ಲಿ ಅಲ್ಲಿ ಪಾಟೆಕ್ ಫಿಲಿಪ್ ಸಂಸ್ಥೆಯ ಒಂದು ಕೈಗಡಿಯಾರಕ್ಕೆ 3.1 ಕೋಟಿ ಫ್ರಾಂಕ್ ಬಂದಿತು. ಯೂನಿಕಾರ್ನ್ ಈ ಬಗೆಯದಲ್ಲ. ದತ್ತಿಯ ಉದ್ದೇಶದಿಂದ ತಯಾರಾಗದೆ, ಸುಮಾರು ಅರ್ಧ ಶತಮಾನ ಕಾಲ ವ್ಯಾಪಾರಿಗಳ ಮತ್ತು ಸಂಗ್ರಾಹಕರ ಕೈದಾಟಿ ಬಂದು, ವಿಲ್ಸ್‌ಡಾರ್ಫ್ 1920ರಲ್ಲಿ ತಮ್ಮ ಸಂಸ್ಥೆಯನ್ನು ನೋಂದಾಯಿಸಿದ ಊರಿನಲ್ಲೇ ಅದು ಮಕ್ಕಳ ಪಾಲಿಗೆ ಹಣವಾಯಿತು.